ಎಡಮಗ್ಗುಲ ನೆರಳು

ಹುರುಳಿ ಕಟ್ಟನ್ನು ಬಸಿದ ಮೇಲೆ ಪಾತ್ರೆಯ ತಳದಲ್ಲಿ ಚಿಟಿಕೆ ಮರಳು ಉಳಿಯಿತು. ದ್ರಾಕ್ಷಾಯಣಿ ಅದನ್ನು ತೋರುಬೆರಳಿಗೆ ಅಂಟಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಮೊರದಲ್ಲಿ ಕೇರಿದ್ದಳು, ಕನ್ನಡಕ ಹಾಕಿಕೊಂಡು ಆರಿಸಿದ್ದಳು, ನೀರು ತಿಳಿಯಾಗುವ ತನಕ ತೊಳೆದಿದ್ದಳು. ಇಷ್ಟು ಜತನ ಮಾಡಿದ ಕಾಳಿನಲ್ಲೇ ಕಲ್ಲು ಉಳಿಯುವುದಾದರೆ ಯಾರ ಕಣ್ಣೂ ಯಾರ ಕೈಯೂ ತಲುಪದ ಮೈಯೊಳಗೆ ಏನೇನು ಉಳಿದಿರಬಹುದು ಎಂದುಕೊಂಡಾಗ ಅವಳಿಗೆ ಹೆದರಿಕೆಗಿಂತ ಬೆರಗೇ ಹೆಚ್ಚಾಯಿತು. ನಡುಮನೆಯಲ್ಲಿ ಮಗಳು ಕೃತಿಕಾ ಎಡಮಗ್ಗುಲನ್ನು ಅಂಗೈಯಿಂದ ಒತ್ತಿಕೊಂಡು ಮಲಗಿದ್ದಳು. ಆ ಮೈ ತನ್ನೊಳಗೆ ಆದದ್ದು. ತಾನು ಕಲಸಿದ ಅನ್ನದಿಂದ, ತಾನು ಎರೆದ ನೀರಿನಿಂದ ಬೆಳೆದದ್ದು. ಅದೇ ಮೈ ತನಗೆ ಹೇಳದೆ ಕೇಳದೆ ಒಳಗೊಂದು ಕಲ್ಲನ್ನು ಕೂಡಿಸಿಕೊಂಡಿತ್ತು. ಎಷ್ಟು ದಿನ ಕೂಡಿಸಿತೋ. ತಾನು ಅವಳಿಗೆ ಜಡೆ ಹಾಕುವಾಗಲೂ, ಪರೀಕ್ಷೆಗೆ ಓದುತ್ತಿದ್ದವಳ ಮುಂದೆ ಹಾಲಿನ ಲೋಟ ಇಡುವಾಗಲೂ ಅಲ್ಲೇ ಕಣಕಣವಾಗಿ ಕೂಡುತ್ತಿತ್ತು. ಬೆರಳಿನ ಮರಳನ್ನು ಸೀರೆಗೆ ಒರೆಸಿಕೊಂಡು ಅವಳು ಕಟ್ಟನ್ನು ಲೋಟಕ್ಕೆ ಬಗ್ಗಿಸಿದಳು. ಮೊನ್ನೆಯಿಂದ ಹುರುಳಿ ಕಟ್ಟು, ಅದಕ್ಕೂ ಮೊದಲು ಬಾಳೆದಿಂಡಿನ ರಸ. ಎದುರುಮನೆಯ ಕಮಲಕ್ಕ ಹೇಳಿದ್ದೆಲ್ಲ ಆಗಿತ್ತು. "ಕುಡಿಸ್ರಿ, ಅಡ್ಡಿಯಿಲ್ಲ. ಆ ನೆಪದಾಗಾದ್ರೂ ನೀರು ಒಳಗೆ ಹೋಗ್ತೈತಲ್ಲ" ಎಂದು ಡಾಕ್ಟರು ನಕ್ಕಿದ್ದರು. ಇವತ್ತು ಸಿ.ಟಿ. ಸ್ಕ್ಯಾನ್. ಮಗಳ ಬೆನ್ನಿಗೆ ತೂತು ಹಾಕಬೇಕೋ ಬೇಡವೋ ಎಂಬುದು ಇವತ್ತು ಗೊತ್ತಾಗುವುದಿತ್ತು.

ಹೊರಡುವ ಮೊದಲು ದೇವರ ಜಗುಲಿಗೆ ಹೂ ಇಟ್ಟಳು. ಎಲ್ಲಕ್ಕೂ ಇಟ್ಟಾದ ಮೇಲೆ ಕೊನೆಗೆ ಒಂದು ಕಣಗಿಲೆ ಹೂವನ್ನು ಮೂಲೆಯಲ್ಲಿದ್ದ ಪುಟ್ಟ ಬೆಳ್ಳಿ ಕರಡಿಗೆಯ ಮೇಲೆ ಇಟ್ಟಳು. ಅದು ಕೃತಿಕಾಳದು. ಹುಟ್ಟಿದಾಗ ಅಯ್ಯನವರು ಬಂದು ಕಟ್ಟಿದ ಇಷ್ಟಲಿಂಗವನ್ನು ಒಳಗಿಟ್ಟುಕೊಂಡು ಕೊರಳಲ್ಲಿ ಹಾಕಿಕೊಳ್ಳುತ್ತಿದ್ದ ಕರಡಿಗೆ. ಕಾಲೇಜಿಗೆ ಹೋಗಲು ಶುರು ಮಾಡಿದ ಮೇಲೆ ಒಂದು ದಿನ ಬೆಳಿಗ್ಗೆ ಹುಡುಗಿ ಅದನ್ನು ಕೊರಳಿಂದ ತೆಗೆದು ಒಲೆಕಟ್ಟೆಯ ಮೇಲೆ, ಒಗ್ಗರಣೆ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದಳು. "ಎಲ್ಲಾರೂ ಕೇಳ್ತಾರಮ್ಮ, ಏನದು ಡಬ್ಬಿ, ಒಳಗ ಏನಿಟ್ಟಿ ಅಂತ. ಲ್ಯಾಬ್‌ನಾಗ ಬಗ್ಗಿದ್ರೆ ಟಣ್ ಅಂತ ಬೀಕರಿಗೆ ಬಡಿತೈತೆ. ನನಗ ಬ್ಯಾಡ." ಆಡಿದ್ದು ಅಷ್ಟೇ. ದ್ರಾಕ್ಷಾಯಣಿ ಅವತ್ತು ಬೈಯಲಿಲ್ಲ. ಬೈಯದೇ ಇದ್ದದ್ದೇ ಅವಳ ಸಿಟ್ಟು. ರೊಟ್ಟಿ ಬಡಿಯುತ್ತಲೇ ಇದ್ದಳು. ರೊಟ್ಟಿ ಸೀದು ಹೊಗೆ ಬಂದರೂ ತಿರುವಿಹಾಕಲಿಲ್ಲ. ಹುಡುಗಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಹೋದಳು. ದ್ರಾಕ್ಷಾಯಣಿ ಕರಡಿಗೆಯನ್ನು ಕಣ್ಣಿಗೊತ್ತಿ ಜಗುಲಿಯಲ್ಲಿಟ್ಟ ಮೇಲೆ ಇಬ್ಬರೂ ಆ ಮಾತನ್ನು ಮತ್ತೆ ಎತ್ತಿರಲಿಲ್ಲ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ತಾಯಿಯಾದರೂ ಸರಿ. ಹಾಗಾಗಿ ಅವಳು ಮುಚ್ಚಳ ತೆರೆಯದೆ, ದಿನಾ ಒಂದು ಹೂವನ್ನು ಮುಚ್ಚಳದ ಮೇಲೇ ಇಟ್ಟು, "ಆ ಕೂಸಿಗೆ ತಿಳಿಯೋದಿಲ್ಲ, ನೀ ತಿಳಕೋ" ಎಂದು ಬೇಡಿಕೊಳ್ಳುತ್ತಿದ್ದಳು. ಕಲ್ಲಿನ ಸುದ್ದಿ ತಿಳಿದ ದಿನ ಕಮಲಕ್ಕ ಜಗುಲಿಯತ್ತ ಕಣ್ಣು ಹೊರಳಿಸಿ, "ಹೊರಗಿಂದು ಬಿಟ್ಟಿದ್ದಕ್ಕ ಒಳಗೆ ಬಂದು ಕುಂತೈತೆ ನೋಡವ್ವ" ಎಂದಿದ್ದಳು. ಎಂಥ ಮಾತು ಅದು. ಅಂದವಳಿಗೆ ಬೆನ್ನು ತಿರುಗಿಸಿ ಒಳಗೆ ಬಂದಿದ್ದ ದ್ರಾಕ್ಷಾಯಣಿ, ಸಾರಿಗೆ ಉಪ್ಪು ಹಾಕುತ್ತ ಅದನ್ನೇ ತಾನೂ ಅಂದುಕೊಳ್ಳುತ್ತಿದ್ದುದನ್ನು ಕಂಡು ಸೌಟು ಹಿಡಿದು ನಿಂತುಬಿಟ್ಟಿದ್ದಳು.

ನೋವು ಮೊದಲು ಬಂದದ್ದು ಒಂದು ಮಧ್ಯಾಹ್ನ. ತಟ್ಟೆಯ ಮುಂದೆ ಕೂತಿದ್ದ ಹುಡುಗಿ ತುತ್ತನ್ನು ಬಾಯಿಗೆ ಒಯ್ಯುವವಳು ಹಾಗೇ ತಡೆದು, ಮುಖ ಬೂದಿಯಾಗಿ, ನೆಲದ ಮೇಲೆ ಉರುಳಿದ್ದಳು. ಕೂತರೆ ಆರಾಮಿಲ್ಲ, ಮಲಗಿದರೆ ಇಲ್ಲ. ಹೆರಿಗೆ ನೋವಿಗಾದರೂ ನಡುವೆ ಬಿಡುವಿರುತ್ತದೆ ಎಂದುಕೊಂಡಿದ್ದಳು ದ್ರಾಕ್ಷಾಯಣಿ. ದಾವಣಗೆರೆಗೆ ಒಯ್ದು ಇಂಜೆಕ್ಷನ್ ಕೊಡಿಸಿ, ಸ್ಕ್ಯಾನಿಂಗ್ ಆಗಿ, ಇನ್ನೂ ಮುದುಡಿಕೊಂಡೇ ಇದ್ದವಳನ್ನು ಎಕ್ಸ್‌ರೇ ಮೇಜಿನ ಮೇಲೆ ಅಂಗಾತ ಮಲಗಿಸಿದ್ದರು. ಪಿ.ಜೆ. ಬಡಾವಣೆಯ ಆ ಕ್ಲಿನಿಕ್ಕಿನಲ್ಲಿ ಡಾಕ್ಟರ್ ನಿಂಗರಾಜ್ ಫಿಲ್ಮನ್ನು ದೀಪದ ಹಲಗೆಗೆ ಸಿಕ್ಕಿಸಿದಾಗ ಮೊದಲು ಕಂಡದ್ದು ಮಗಳ ಬೆನ್ನುಮೂಳೆ. ಎಷ್ಟು ಚಂದದ ಸರಪಳಿ ಎಂದು ಅವಳಿಗೆ ಅನ್ನಿಸಿತ್ತು. ಅದರ ಎಡಕ್ಕೆ, ಪಕ್ಕೆಲುಬಿನ ಕೆಳಗೆ, ಅಡಿಕೆ ಗಾತ್ರದ ಒಂದು ಬಿಳಿ ನೆರಳು. "ಕಿಡ್ನಿಯಿಂದ ಇಳಿಯೋ ಕೊಳವಿಗೆ ಏನೋ ಅಡ್ಡ ಕುಂತೈತ್ರಿ. ಕಿಡ್ನಿ ಬಾತೈತೆ. ಇದು ಖರೇನೇ ಇಷ್ಟು ದೊಡ್ಡದಿದ್ರೆ ಬೆನ್ನಿನ ಕಡೆಯಿಂದ ಸಣ್ಣ ತೂತು ಮಾಡಿ, ಒಳಗೇ ಒಡೆದು ತೆಗೀಬೇಕಾಗ್ತೈತೆ." ತೂತು ಎಂಬ ಮಾತು ಕೋಣೆಯಲ್ಲಿ ಉಳಿಯಿತು. ಅವಳ ಗಂಡ ಪಂಚಾಕ್ಷರಪ್ಪ ಮಂಡಿಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವನು. ಎಂಥ ಮಾತಿಗೂ ಮರುಮಾತು ಇಟ್ಟುಕೊಂಡಿರುವವನು. ಅವನೂ ಅವತ್ತು, "ಬ್ಯಾರೆ ದಾರಿ ಇಲ್ಲೇನ್ರಿ ಡಾಕ್ಟ್ರೇ?" ಎಂದಷ್ಟೇ ಕೇಳಿದ್ದ. "ದಾರಿ ಅದಾವ್ರಿ. ಕಲ್ಲು ಎಷ್ಟೈತೆ, ಎಲ್ಲೈತೆ ಅನ್ನೋದರ ಮ್ಯಾಲೆ. ಸಣ್ಣದಾದ್ರೆ ಗುಳಿಗೆ ಕೊಟ್ಟು, ನೀರು ಕುಡಿಸಿ, ತಾನೇ ಇಳಿತೈತೇನೋ ಅಂತ ಕಾಯ್ತೀವಿ. ಇನ್ನೊಂಚೂರು ದೊಡ್ಡದಾದ್ರೆ ಹೊರಗಿಂದ ಶಬ್ದದ ಅಲೆ ಬಿಟ್ಟು ಪುಡಿ ಮಾಡ್ತೀವಿ. ಇಲ್ಲಾ, ಮೂತ್ರದ ದಾರಿಯಿಂದಲೇ ಸಣ್ಣ ದುರ್ಬೀನು ಕಳಿಸಿ, ಲೇಸರ್‌ನಾಗ ಒಡೆದು ಬರ್ತೀವಿ." ಮೂತ್ರದ ದಾರಿ ಎಂದಾಗ ಪಂಚಾಕ್ಷರಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ, ದ್ರಾಕ್ಷಾಯಣಿ ತನ್ನ ಕಾಲುಂಗುರ ನೋಡಿಕೊಂಡಳು. ಮದುವೆಯಾಗದ ಹುಡುಗಿ, ಅಪ್ಪನ ಮುಂದೆ, ಈ ಮಾತು. ಕೃತಿಕಾ ಒಬ್ಬಳೇ ಡಾಕ್ಟರ ಮುಖ ನೋಡುತ್ತ, "ಒಳಗೆ ಸ್ಟೆಂಟ್ ನಳಿಗೆ ಇಟ್ರೆ ಎಷ್ಟು ದಿನ ಸರ್?" ಎಂದು ಬಸ್ಸಿನ ವೇಳೆ ಕೇಳುವಂತೆ ಕೇಳಿದ್ದಳು. ತನ್ನ ಮೈಯ ಬಗ್ಗೆ ಹಾಗೆ ಮಾತಾಡಬಹುದೆಂಬುದೇ ದ್ರಾಕ್ಷಾಯಣಿಗೆ ಗೊತ್ತಿರಲಿಲ್ಲ. ಡಾಕ್ಟರು ಫಿಲ್ಮಿಗೆ ಮತ್ತೆ ಮುಖ ಹತ್ತಿರ ತಂದು, "ಈ ನೆರಳು ಯಾಕೋ ನನಗ ಪೂರಾ ಒಪ್ಪಿಗಿಲ್ಲ. ಭಾಳ ದುಂಡಗೈತೆ. ಒಂದು ಸಿ.ಟಿ. ಆಗ್ಲಿ. ಅಷ್ಟರಾಗ ಚಳಿ ಜ್ವರ ಬಂತು ಅಂದ್ರೆ ಮಾತ್ರ ಒಂದು ಗಳಿಗೆ ಕಾಯಬ್ಯಾಡ್ರಿ, ಎತ್ತಿ ಹಾಕ್ಕೊಂಡು ಬರ್ರಿ" ಎಂದಿದ್ದರು.

ಇವತ್ತು ಸ್ಕ್ಯಾನಿಗೆಂದು ಹರಿಹರದ ನಿಲ್ದಾಣದಲ್ಲಿ ದಾವಣಗೆರೆಯ ಬಸ್ಸು ಹತ್ತಿದಾಗ ಕೃತಿಕಾಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಚೀಲದಲ್ಲಿ ನೀರಿನ ಬಾಟಲಿ ಇತ್ತು. ಅದನ್ನು ಕೊಡಲು ಹೋದ ದ್ರಾಕ್ಷಾಯಣಿಯ ಕೈ ತಾನಾಗಿ ಹಿಂದೆ ಸರಿಯಿತು. ದಾರ್ಯಾಗ ನೀರು ಕುಡಿಬ್ಯಾಡ. ಈ ಮಾತು ಯಾವಾಗಿನದು? ಅವಳ ಅವ್ವ ಅವಳಿಗೆ ಹೇಳಿದ್ದು, ಅವಳು ಕೃತಿಕಾಗೆ ಹೇಳಿದ್ದು. ಮದುವೆಗೆ ಹೋಗುವಾಗ, ಸ್ಕೂಲಿಗೆ ಹೋಗುವಾಗ. ಸ್ಕೂಲಿನ ಪಾಯಿಖಾನೆಯ ಬಾಗಿಲಿಗೆ ಚಿಲಕವಿರಲಿಲ್ಲ. ಹುಡುಗಿ ಮನೆಗೆ ಬಂದವಳೇ ಚೀಲ ಎಸೆದು ಬಚ್ಚಲಿಗೆ ಓಡುತ್ತಿದ್ದಳು. ತುಂಬಿಕೊಟ್ಟ ಬಾಟಲಿ ತುಂಬಿದ ಹಾಗೇ ವಾಪಸು ಬಂದಿರುತ್ತಿತ್ತು. ಜಾಣೆ ಎಂದುಕೊಳ್ಳುತ್ತಿದ್ದಳು ತಾಯಿ. ಈಗ ಆ ಎಲ್ಲ ತುಂಬಿದ ಬಾಟಲಿಗಳೂ ಸಾಲಾಗಿ ನಿಂತು ತನ್ನನ್ನು ನೋಡುತ್ತಿವೆ ಅನ್ನಿಸಿತು. ಬಾಯಿಂದ ಹೊರಬಿದ್ದ ಒಂದು ಮಾತು ಇನ್ನೊಂದು ಮೈಯೊಳಗೆ ಇಳಿದು, ಅಲ್ಲಿ ಉಪ್ಪು ಹರಳುಗಟ್ಟಿ ಕಲ್ಲಾಗುವುದೆಂದರೇನು! ಎಷ್ಟು ಸಣ್ಣ ಮಾತು. ಎಷ್ಟು ವಾತ್ಸಲ್ಯದ ಮಾತು. "ಕುಡಿ" ಎಂದು ಬಾಟಲಿ ಚಾಚಿದಳು. ಕೃತಿಕಾ ಓರೆಯಾಗಿ ನೋಡಿದಳು. "ಬಸ್ಸಿನ್ಯಾಗೆ? ನೀನೇನಮ್ಮ ಹೇಳೋದು?" "ನಾನೇ ಹೇಳಾಕ್‌ಹತ್ತೀನಿ. ಕುಡಿ." "ಅರ್ಜೆಂಟಾದ್ರೆ?" "ಬಸ್ಸು ನಿಲ್ಲಿಸ್ತೀನಿ." ಹುಡುಗಿ ನೋವಿನ ನಡುವೆಯೂ ನಕ್ಕಳು. "ಕಂಡಕ್ಟ್ರು ನಿನ್ನನ್ನೇ ಇಳಿಸ್ತಾನೆ."

ಆಸ್ಪತ್ರೆಯ ಸ್ಕ್ಯಾನಿನ ಕೋಣೆ ತಣ್ಣಗಿತ್ತು. ಓಲೆ, ಸರ, ತಲೆಯ ಕ್ಲಿಪ್ಪು ಎಲ್ಲವನ್ನೂ ಕರವಸ್ತ್ರದಲ್ಲಿ ಗಂಟು ಕಟ್ಟಿ ತಾಯಿಗೆ ಕೊಟ್ಟು, ಆಸ್ಪತ್ರೆಯ ನಿಲುವಂಗಿ ತೊಟ್ಟು ಕೃತಿಕಾ ಒಳಗೆ ಹೋದಳು. ಯಂತ್ರ ನಡೆಸುವ ಹುಜೈಫಾ ಗಡ್ಡ ನರೆತ, ಮೆಲುದನಿಯ ಮನುಷ್ಯ. ಸ್ವಲ್ಪ ಹೊತ್ತಿಗೆ ಅವನೇ ಬಾಗಿಲು ತೆರೆದು, "ಅಮ್ಮಾ, ಒಂದ್ನಿಮಿಷ ಬರ್ರಿ" ಎಂದ. ದ್ರಾಕ್ಷಾಯಣಿ ಚೀಲವನ್ನು ಬೆಂಚಿನ ಮೇಲೆ ಬಿಟ್ಟು ಒಳಗೆ ಹೋದಳು. "ಮಗಳು ಮೈಮ್ಯಾಗೆ ಏನೋ ಕಟ್ಟಿಕೊಂಡಾರ್ರಿ. ಅದನ್ನ ತೆಗೀಬೇಕು." "ಏನೂ ಇಲ್ಲಪ್ಪಾ, ಎಲ್ಲಾ ನನ್ನ ಕೈಯಾಗ ಐತೆ" ಎಂದು ಕರವಸ್ತ್ರದ ಗಂಟು ತೋರಿಸಿದಳು. "ಬಂಗಾರ ಅಲ್ರಿ. ಇಲ್ನೋಡ್ರಿ" ಎಂದು ಅವನು ಪರದೆಯತ್ತ ಕೈ ಮಾಡಿದ. ಅಲ್ಲಿ ಅವಳ ಮಗಳಿದ್ದಳು, ಸೌತೆಕಾಯಿ ಹೆಚ್ಚಿದಂತೆ ಬಿಲ್ಲೆಬಿಲ್ಲೆಯಾಗಿ. ಅವನು ಬೆರಳಾಡಿಸಿದಂತೆ ಬಿಲ್ಲೆಗಳು ಒಂದರ ಹಿಂದೊಂದು ತೆರೆದುಕೊಳ್ಳುತ್ತಿದ್ದವು. ನಡುವೆ ಹೂವಿನಂಥ ಬೆನ್ನುಮೂಳೆ, ಅದರ ಅತ್ತಿತ್ತ ಅವರೆಕಾಳಿನ ಎರಡು ಬೇಳೆಗಳಂತೆ ಎರಡು ಕಿಡ್ನಿ. ಎಡಗಡೆಯದು ಉಬ್ಬಿತ್ತು. "ಇದು ಕಲ್ಲು ನೋಡ್ರಿ" ಎಂದು ಅದರ ಕೆಳಗಿನ ಒಂದು ಬಿಳಿ ಚುಕ್ಕೆಯನ್ನು ತೋರಿಸಿದ. ಅಷ್ಟೇ ಅಷ್ಟು. "ಮತ್ತ ಆ ದೊಡ್ಡದು?" "ಅದನ್ನೇ ಹೇಳಾಕ್‌ಹತ್ತಿದ್ದು. ಇದು ಚರ್ಮ. ದೊಡ್ಡದು ಚರ್ಮದಿಂದ ಈಚೆಗೈತೆ." ಮೈಯ ತೆಳು ಗೆರೆಯ ಹೊರಗೆ, ಕಪ್ಪಿನಲ್ಲಿ, ದುಂಡನೆಯದೊಂದು ಬೆಳ್ಳಗೆ ಕೂತಿತ್ತು. ಒಳಗೊಂದು ಬಿಳುಪು, ಅದರ ಸುತ್ತ ಹೊದಿಸಿದಂತೆ ಇನ್ನೊಂದು ಬಿಳುಪು. ಕೆಳಗೆ ಚಪ್ಪಟೆ, ಮೇಲೆ ದುಂಡು. ಜಗತ್ತಿನ ಯಾವ ಪರದೆಯ ಮೇಲೆ, ಯಾವ ಕತ್ತಲಲ್ಲಿ ತೋರಿಸಿದ್ದರೂ ಅವಳು ಅದನ್ನು ಗುರುತು ಹಿಡಿಯುತ್ತಿದ್ದಳು. ಅಯ್ಯನವರು ಕೂಸಿನ ಎದೆಗೆ ಅದನ್ನು ಮುಟ್ಟಿಸಿದಾಗ ಬಾಣಂತಿಯಾಗಿದ್ದ ಅವಳೇ ಕೂಸನ್ನು ಹಿಡಿದುಕೊಂಡಿದ್ದಳು.

ಅವಳು ಪರದೆಯ ಹತ್ತಿರಕ್ಕೆ ಬಾಗಿದಳು. ಹುಜೈಫಾ ಅವಳ ಮುಖ ನೋಡಿ ದನಿಯನ್ನು ಇನ್ನಷ್ಟು ತಗ್ಗಿಸಿದ. "ನಮ್ಮ ಮಂದಿ ತಾಯಿತ ಕಟ್ಟಿಕೊಂಡು ಬರ್ತಾರ್ರಿ, ದಿನಾ ನೋಡ್ತೀನಿ. ಇದು ಅದಲ್ಲ ಅಂತ ಗೊತ್ತಾತು. ನಾ ಮುಟ್ಟಲ್ಲ. ನೀವು ಹೋಗಿ ಇಸ್ಕೊಳ್ರಿ. ಆಮ್ಯಾಲೆ ಇನ್ನೊಮ್ಮೆ ತೆಗಿತೀನಿ." ಒಳಗೆ ಕೃತಿಕಾ ಅಂಗಾತ ಮಲಗಿದ್ದಳು. ತಾಯಿಯ ಮುಖ ಕಂಡವಳೇ ಎಲ್ಲ ತಿಳಿದು, ಕಣ್ಣು ಮುಚ್ಚಿಕೊಂಡು, ನಿಲುವಂಗಿಯೊಳಗೆ ಕೈ ಹಾಕಿ ಗಂಟು ಬಿಚ್ಚಿದಳು. ಮೈಬಣ್ಣಕ್ಕೆ ತಿರುಗಿದ್ದ ಬಿಳಿ ವಸ್ತ್ರ. ಹೊಟ್ಟೆಯ ಸುತ್ತ ಸುತ್ತಿದ್ದಳು; ಹೊಕ್ಕುಳಿಂದ ಮೇಲೆ. ದ್ರಾಕ್ಷಾಯಣಿಯ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಲಿಂಗ ಹೊಕ್ಕುಳಿಂದ ಕೆಳಗೆ ಇಳಿಯಬಾರದು ಎಂದು ಚಿಕ್ಕವಳಿದ್ದಾಗ ಹೇಳಿಕೊಟ್ಟದ್ದನ್ನು ಹುಡುಗಿ ಬಟ್ಟೆಯೊಳಗಿನ ಗುಟ್ಟಿನಲ್ಲೂ ಮೀರಿರಲಿಲ್ಲ. ಮೀರದೇ ಇದ್ದುದರಿಂದಲೇ ಅದು ಜಾರಿ ಎಡಮಗ್ಗುಲಲ್ಲಿ, ಸರಿಯಾಗಿ ಕಿಡ್ನಿಯ ನೇರಕ್ಕೆ ಬಂದು ಕೂತಿತ್ತು. "ಕೈಯಾಗೇ ಇಟ್ಕೋಮ್ಮ. ಅಲ್ಲಿ ಇಲ್ಲಿ ಇಡಬ್ಯಾಡ" ಎಂದಳು ಕೃತಿಕಾ, ಕಣ್ಣು ತೆರೆಯದೆ. ವಸ್ತ್ರದ ಗಂಟು ಬೆಚ್ಚಗಿತ್ತು. ಹಕ್ಕಿಯ ಮೊಟ್ಟೆ ಹಿಡಿದಂತೆ ಹಿಡಿದುಕೊಂಡು ಅವಳು ಹೊರಗೆ ಬಂದಳು.

ಬೆಂಚಿನ ಮೇಲೆ ಮಗಳು ಪಕ್ಕಕ್ಕೆ ಬಂದು ಕೂತು ಗಂಟನ್ನು ಇಸಿದುಕೊಂಡಾಗ ಕೇಳಬೇಕಾದ್ದು ಬಹಳವಿತ್ತು. ಬಾಯಿಗೆ ಬಂದದ್ದು ಒಂದೇ: "ಹೇಳಬಾರದಾಗಿತ್ತೇನವ್ವಾ?" "ನೀ ಕೇಳ್ಲೇ ಇಲ್ಲ. ಅವತ್ತು ಬಾಗಿಲದಾಗ ನಿಂತಿದ್ದೆ, ಬೈತಿ, ಆಮ್ಯಾಲೆ ಹೇಳೋಣ ಅಂತ. ನೀ ಬೈಯಲೂ ಇಲ್ಲ. ಸಂಜಿಗೆ ಬಂದು ನೋಡಿದ್ರೆ ಡಬ್ಬಿಗೆ ಹೂವಿಟ್ಟು ಕೈ ಮುಗಿಯಾಕ್‌ಹತ್ತಿದ್ದೆ. ಹೆಂಗೆ ಹೇಳಲಿ, ಒಳಗೆ ಏನೂ ಇಲ್ಲ ಅಂತ?" "ಎಕ್ಸ್‌ರೇದಾಗಾದ್ರೂ..." "ಸ್ಕ್ಯಾನಿಂಗಿನಾಕಿ ವಸ್ತ್ರ ಮ್ಯಾಲೆ ಸರಿಸಿ ನೋಡಿದ್ಲು, ಏನಂತ ಕೇಳ್ಲಿಲ್ಲ. ಎಕ್ಸ್‌ರೇದವ್ರು ಲೋಹ ಐತಾ ಅಂದ್ರು. ಇದು ಲೋಹ ಅಲ್ಲಲ್ಲ. ನೋವಿನಾಗ ಅದರ ಖಬರೂ ಇರ್ಲಿಲ್ಲ. ಅದೂ ಫಿಲಂನಾಗ ಬೀಳ್ತೈತೆ ಅಂತ ನನಗೇನು ಗೊತ್ತು?" ದ್ರಾಕ್ಷಾಯಣಿ ಕರವಸ್ತ್ರದ ಗಂಟು ಬಿಚ್ಚಿ ಓಲೆಗಳನ್ನು ಒಂದೊಂದಾಗಿ ಮಗಳ ಕೈಗಿಟ್ಟಳು. ವರ್ಷದುದ್ದಕ್ಕೂ ಒಂದೊಂದು ಕಣಗಿಲೆ, ಒಂದೊಂದು ಪ್ರಾರ್ಥನೆ, ಖಾಲಿ ಬೆಳ್ಳಿಯ ಮೇಲೆ. ಅಷ್ಟೂ ದಿನ ಅವಳು ಬೇಡಿಕೊಂಡ ಲಿಂಗ ಮಗಳ ಚೂಡಿದಾರದೊಳಗೆ, ಮೈಶಾಖದಲ್ಲಿ, ಲ್ಯಾಬಿನಿಂದ ಲೈಬ್ರರಿಗೆ ಓಡಾಡಿಕೊಂಡಿತ್ತು. ಅವಮಾನವಾಗಬೇಕಿತ್ತು. ಆಗಲಿಲ್ಲ. ಒಂದು ಮೈ ಎಷ್ಟನ್ನು ಹೊರಬಲ್ಲದು, ಹೊತ್ತೂ ಎದುರಿಗೆ ಕೂತು ರೊಟ್ಟಿ ತಿನ್ನಬಲ್ಲದು ಎಂಬ ಬೆರಗಿನ ಮುಂದೆ ಅವಮಾನಕ್ಕೆ ಜಾಗವಿರಲಿಲ್ಲ. ಕ್ಲಿನಿಕ್ಕಿಗೆ ಬಂದು ಸಂಗತಿ ತಿಳಿದ ಪಂಚಾಕ್ಷರಪ್ಪ ಮಾತ್ರ ಎಷ್ಟೋ ದಿನದ ಮೇಲೆ ಬಾಯಿ ತುಂಬ ನಕ್ಕ. "ಖಾಲಿ ಡಬ್ಬಿಗೆ ಇಷ್ಟು ದಿನ ಹೂ ಏರಿಸಿದ್ಯಲ್ಲೇ! ಆ ಡಬ್ಬಿಗೆ ಮೋಕ್ಷ ಆಗಿರ್ತೈತೆ ಬಿಡು." ನಕ್ಕವನು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದ.

ಡಾಕ್ಟರೂ ನಕ್ಕರು, ಆದರೆ ನಗು ನಿಲ್ಲಿಸಿ ಹಳೆಯ ಫಿಲ್ಮನ್ನು ಇನ್ನೊಮ್ಮೆ ನೋಡಿದರು. "ಎದುರಿಂದ ತೆಗೆದ ಚಿತ್ರಕ್ಕೆ ಹಿಂದು ಮುಂದು ಗೊತ್ತಾಗಲ್ರಿ. ಒಳಗಿಂದು ಹೊರಗಿಂದು ಎಲ್ಲಾ ಒಂದೇ ನೆರಳು." ನಿಜವಾದ ಕಲ್ಲು ತೊಗರಿಕಾಳಿನಷ್ಟು, ಕೊಳವೆಯ ಮೇಲ್ತುದಿಯಲ್ಲಿ ಸಿಕ್ಕಿಕೊಂಡಿತ್ತು. ಬೆನ್ನಿಗೆ ತೂತಿನ ಮಾತಿಲ್ಲ. ತಾನೇ ಇಳಿಯಲೆಂದು ಕಾಯಬಹುದಿತ್ತು, ಆದರೆ ಕಿಡ್ನಿ ಬಾತಿದೆ, ನೋವು ಬಿಟ್ಟುಬಿಟ್ಟು ಬರುತ್ತಿದೆ. ಬಹಳ ಕಾಯುವುದು ಬೇಡ. "ಅಲೆ ಬಿಟ್ರೆ ಕೊಯ್ಯೋದಿಲ್ಲ, ಸಂಜಿಗೆ ಮನಿಗೆ ಹೋಗಬಹುದು. ಆದ್ರೆ ಒಂದೇ ಸಲಕ್ಕೆ ಪೂರಾ ಒಡಿತೈತೆ ಅಂತ ಮಾತು ಕೊಡಲ್ಲ. ದುರ್ಬೀನಿನಾಗ ಒಂದೇ ಸಲಕ್ಕೆ ಮುಗಿಯೋ ಸಂಭವ ಜಾಸ್ತಿ. ಅದಕ್ಕೆ ಅರಿವಳಿಕೆ ಕೊಡಬೇಕು, ಸ್ವಲ್ಪ ದಿನ ಸ್ಟೆಂಟಿನ ಕಿರಿಕಿರಿ ಇರಬಹುದು. ಯಾವುದು ಮಾಡೋಣ?" ಉತ್ತರ ಹೇಳಲು ದ್ರಾಕ್ಷಾಯಣಿಯ ಬಾಯಿ ಆಗಲೇ ತೆರೆದಿತ್ತು. ಅಪ್ಪನ ಬಾಯಿಯೂ. ಡಾಕ್ಟರು ನೋಡುತ್ತಿದ್ದುದು ಹುಡುಗಿಯನ್ನು. ದ್ರಾಕ್ಷಾಯಣಿ ಬಾಯಿ ಮುಚ್ಚಿಕೊಂಡಳು. ಈ ಸಲ ಅದು ಸಿಟ್ಟಿನ ಮೌನವಾಗಿರಲಿಲ್ಲ. ಇನ್ನೊಬ್ಬರ ಕರಡಿಗೆಯ ಮುಂದೆ ಕೈ ಕಟ್ಟಿ ನಿಂತ ಹಾಗಿತ್ತು. "ಅಲೆ" ಎಂದಳು ಕೃತಿಕಾ. "ಇನ್ನೊಮ್ಮೆ ಬೇಕಾದ್ರೆ ಇನ್ನೊಮ್ಮೆ ಬರ್ತೀನಿ." ದ್ರಾಕ್ಷಾಯಣಿ ತಡೆಯಲಾರದೆ ಕೇಳಿದಳು, "ಅಲ್ರಿ ಡಾಕ್ಟ್ರೇ, ಮೈಗೆ ಏನೂ ಆಗದೆ ಒಳಗಿನ ಕಲ್ಲು ಮಾತ್ರ ಹೆಂಗೆ ಒಡಿತೈತ್ರಿ?" "ಮೈ ಅನ್ನೋದು ಹೆಚ್ಚುಪಾಲು ನೀರೇ ಅಲ್ರೇನಮ್ಮಾ. ನೀರಿನಾಗ ಬಂದ ಅಲೆ ನೀರಿನಂಥಾದ್ದರಾಗ ಸುಮ್ಮನೆ ದಾಟಿಬಿಡ್ತೈತೆ. ಕಲ್ಲು ಸಿಕ್ತು ಅಂದ್ರೆ ಅಲ್ಲಿ ತನ್ನ ಬಲ ತೋರಿಸ್ತೈತೆ. ಮ್ಯಾಲೆ ಒಂಚೂರು ಕಂದಿರ್ತೈತೆ, ಮೂತ್ರದಾಗ ಒಂದೆರಡು ದಿನ ಕೆಂಪು ಕಾಣಬಹುದು. ಅಂಜಬ್ಯಾಡ್ರಿ."

ಅಲೆ ಬಿಡುವ ದಿನ, ಬುಧವಾರ, ಆಸ್ಪತ್ರೆಯ ಅದೇ ಬೆಂಚಿನ ಮೇಲೆ ಅವಳು ಕೂತಿದ್ದಳು, ಎಡ ಅಂಗೈಯಲ್ಲಿ ಮಗಳ ವಸ್ತ್ರದ ಗಂಟು, ಅದರ ಮೇಲೆ ಬಲಗೈ. ಗೋಡೆಯಾಚೆ ಕೃತಿಕಾ ನೀರು ತುಂಬಿದ ದಿಂಬಿಗೆ ಮಗ್ಗುಲು ಕೊಟ್ಟು ಮಲಗಿದ್ದಳು. ಟಕ್. ಟಕ್. ಚಿಟಿಕೆ ಹೊಡೆದಂಥ ಸಣ್ಣ ಸದ್ದು. ಇಷ್ಟೇನಾ ಎಂದುಕೊಂಡಳು ಮೊದಲು. ಆಮೇಲೆ ನೆನಪಾಯಿತು, ತುಂಗಭದ್ರೆಯ ಸೋಪಾನದ ಕೆಳಗೆ, ಲಂಗ ಕಟ್ಟಿಕೊಂಡು ನೀರಿಗಿಳಿಯುತ್ತಿದ್ದ ದಿನಗಳು. ಗೆಳತಿಯೊಬ್ಬಳು ನೀರಿನೊಳಗೆ ಎರಡು ಬೆಣಚುಕಲ್ಲು ಹಿಡಿದು ಒಂದಕ್ಕೊಂದು ಕುಟ್ಟುತ್ತಿದ್ದಳು. ತಾನು ಅಷ್ಟು ದೂರದಲ್ಲಿ ಮೂಗು ಹಿಡಿದು ಮುಳುಗಿರುತ್ತಿದ್ದಳು. ಮೇಲೆ ಕೇಳಿಸದ ಸದ್ದು ಒಳಗೆ ಕಿವಿಯ ಪಕ್ಕದಲ್ಲೇ, ಅಲ್ಲ, ಎದೆಗೂಡಿನೊಳಗೇ ಆದಂತೆ ಕೇಳುತ್ತಿತ್ತು. ಎಲ್ಲಿಂದ ಬಂತೆಂದು ಹೇಳಲಾಗುತ್ತಿರಲಿಲ್ಲ, ನೀರೆಲ್ಲ ಸದ್ದೇ ಆಗಿರುತ್ತಿತ್ತು. ಹೊಳೆ ಆ ಸದ್ದನ್ನು ತನಗೆ ಏನೂ ಆಗದಂತೆ ಹೊತ್ತು ತರುತ್ತಿತ್ತು. ಟಕ್. ಈಗ ಮಗಳು ಹೊಳೆಯಾಗಿದ್ದಾಳೆ. ಒಂದೊಂದು ಪೆಟ್ಟೂ ಚರ್ಮ ದಾಟಿ, ಮಾಂಸ ದಾಟಿ, ಬಡಿಯುತ್ತಿರುವ ರಕ್ತವನ್ನು ದಾಟಿ, ಯಾವುದನ್ನೂ ನೋಯಿಸುವ ಮನಸ್ಸಿಲ್ಲದೆ ಆ ತೊಗರಿಕಾಳನ್ನು ಹುಡುಕಿಕೊಂಡು ಹೋಗುತ್ತಿದೆ. ಮಾತು ಹೀಗೆ ಹೋಗುವಂತಿದ್ದರೆ! ತಾಯಂದಿರ ಮಾತು ಹೀಗೆ, ಮೃದುವಾದದ್ದನ್ನೆಲ್ಲ ದಾಟಿ, ಒಡೆಯಬೇಕಾದ್ದನ್ನು ಮಾತ್ರ ಮುಟ್ಟುವಂತಿದ್ದರೆ. ಅಂಗೈಯ ಗಂಟು ಒಂದೊಂದು ಸದ್ದಿಗೂ ಅದುರಿದಂತೆ ಅನ್ನಿಸಿತು. ಅದುರುತ್ತಿದ್ದುದು ತನ್ನ ನಾಡಿಯೇ ಎಂದು ಗೊತ್ತಾದಾಗಲೂ ಅವಳು ಕೈ ಸಡಿಲಿಸಲಿಲ್ಲ.

ಆ ದಿನಗಳಲ್ಲಿ ಬೆಳಿಗ್ಗೆ ಜಗುಲಿಯ ಮುಂದೆ ಒಂದು ಹೂ ಮಿಗುತ್ತಿತ್ತು. ಖಾಲಿಯೆಂದು ಗೊತ್ತಾದ ಕರಡಿಗೆಗೆ ಇಡಲು ಕೈ ಬರಲಿಲ್ಲ, ಇಡದಿರಲೂ ಬರಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಇಟ್ಟು ಬರುತ್ತಿದ್ದಳು. ಮೂತ್ರವನ್ನು ಸೋಸಿ ನೋಡಿ, ಸಿಕ್ಕದ್ದನ್ನು ಪರೀಕ್ಷೆಗೆ ತರಬೇಕೆಂದು ಡಾಕ್ಟರು ಹೇಳಿದ್ದರು. ಹಳೆಯ ಪಂಚೆಯ ತುಂಡೊಂದು ಬಚ್ಚಲಿಗೆ ಹೋಗಿತ್ತು. ಶನಿವಾರ ಅವಳು ಮಿಕ್ಕ ಹೂ ಹಿಡಿದು ನಿಂತಿದ್ದಾಗ ಬಚ್ಚಲಿಂದ ಕೂಗು ಬಂತು, ಫಲಿತಾಂಶ ನೋಡಿದವರ ಕೂಗು: "ಅಮ್ಮಾ, ಬಂತು!" ಕೃತಿಕಾ ತೊಳೆದ ಬಟ್ಟೆಯನ್ನು ಬಿಚ್ಚಿ ತೋರಿಸಿದಳು. ಕಂದು ಬಣ್ಣದ ನಾಲ್ಕಾರು ಹರಳು, ಉಳಿದದ್ದು ಪುಡಿ. ದ್ರಾಕ್ಷಾಯಣಿ ತೋರುಬೆರಳಿಗೆ ಒಂದು ಕಣವನ್ನು ಅಂಟಿಸಿಕೊಂಡು ಬೆಳಕಿಗೆ ಹಿಡಿದಳು. ಹುರುಳಿಯ ತಳದಲ್ಲಿ ಉಳಿದಿದ್ದ ಮರಳಿಗೂ ಇದಕ್ಕೂ ಅವಳ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಒಂದು ಅಂಚು ಮಾತ್ರ ಹೊಳೆ ತಂದ ಕಲ್ಲಿಗಿಂತ ಚೂಪಾಗಿತ್ತು. ಇಷ್ಟು ಚಿಕ್ಕದು. ಇಷ್ಟು ಹೊಳಪಿನದು. "ಸಾಕಮ್ಮ, ಅದಕ್ಕೂ ಹೂವಿಟ್ಟೀಯಾ ಮತ್ತೆ!" ಎಂದಳು ಕೃತಿಕಾ. ಹರಳುಗಳು ಔಷಧಿಯ ಡಬ್ಬಿಗೆ ಹೋದವು.

ಕೈ ತೊಳೆದು ಬಂದಾಗ ಹುಡುಗಿ ಜಗುಲಿಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದಳು. ವಸ್ತ್ರ ಬಿಚ್ಚಿ ಎಡ ಅಂಗೈಯಲ್ಲಿ ಲಿಂಗವನ್ನು ಇಟ್ಟುಕೊಂಡಿದ್ದಳು. ಎಷ್ಟು ದಿನದ ಮೇಲೆ, ತಾಯಿಯ ಎದುರಿಗೆ, ಬೆಳಕಿನಲ್ಲಿ. "ಇಲ್ಲಿ ಕೊಡಮ್ಮ" ಎಂದು ಬಲಗೈ ಚಾಚಿದಳು. ದ್ರಾಕ್ಷಾಯಣಿ ಹೂವನ್ನು ಆ ಕೈಗೆ ಕೊಟ್ಟಳು, ಎಡ ಅಂಗೈಯದನ್ನು ಮುಟ್ಟಲಿಲ್ಲ. ಮಗಳು ಹೂ ಇಟ್ಟು, ದೃಷ್ಟಿಯಿಟ್ಟು ಎಷ್ಟು ಹೊತ್ತು ಕೂತಳೋ. ಒಲೆಯ ಮೇಲೆ ಹಾಲು ಉಕ್ಕುವ ವಾಸನೆ ಬಂದರೂ ದ್ರಾಕ್ಷಾಯಣಿ ಕದಲಲಿಲ್ಲ. ಆಮೇಲೆ ಕೃತಿಕಾ ವಸ್ತ್ರ ಸುತ್ತಿಕೊಳ್ಳುತ್ತ, "ಎಡಕ್ಕೆ ಇನ್ನೂ ಕಂದೈತೆ. ಬಲಕ್ಕೆ ಕಟ್ಕೋತೀನಿ" ಎಂದು, ಹೊಕ್ಕುಳಿಂದ ಮೇಲೆ ಗಂಟು ಬಿಗಿದು, ಎದ್ದು ನಿಂತಳು.

"ಅಮ್ಮ, ನೀರು."

ಚೊಂಬಿನ ತುಂಬ ತಂದುಕೊಟ್ಟಳು. ಹುಡುಗಿ ಕತ್ತೆತ್ತಿ ಗಟಗಟ ಕುಡಿಯುತ್ತಿದ್ದರೆ ಗಂಟಲಲ್ಲಿ ನೀರು ಇಳಿಯುವುದು ಕಾಣುತ್ತಿತ್ತು, ಒಂದು ಗುಟುಕು, ಮತ್ತೊಂದು. ಅದು ಎಲ್ಲೆಲ್ಲಿ ಹೋಗುತ್ತದೆಂದು ಈಗ ಅವಳು ನೋಡಿದ್ದಳು. ಮಗಳು ಖಾಲಿ ಚೊಂಬನ್ನು ಮುಂದೆ ಹಿಡಿದು, "ಇನ್ನೊಂದು" ಎಂದಳು.